ಕಾರಿನ ಬೆಲೆ ಬೇರೆ, ಕಿಲೋಮೀಟರಿನ ಬೆಲೆ ಬೇರೆ

ಲೆಕ್ಕಶಾಸ್ತ್ರದಲ್ಲಿ ಸವಕಳಿ ಪಾಠ ಬಂದಾಗ ಲೆಕ್ಕಗಳಲ್ಲಿ ಯಾವಾಗಲೂ ಒಂದು ಕಂಪನಿ, ಒಂದು ಯಂತ್ರ ಇರುತ್ತದೆ. ಆ ಯಂತ್ರ ಏನು ಮಾಡುತ್ತದೆ ಎಂದು ಪುಸ್ತಕ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಈ ವರ್ಷ ಕಾರಿನ ಮಾತು ಎದ್ದಿದ್ದರಿಂದ ನಾನು ಯಂತ್ರದ ಜಾಗದಲ್ಲಿ ಕಾರನ್ನು ಇಟ್ಟು ಲೆಕ್ಕ ಹಾಕಿದೆ. ವಾಣಿಜ್ಯ ವಿಭಾಗದ ಗೆಳೆಯರಿಗೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ. ವಿಜ್ಞಾನದವರೂ ಓದಬಹುದು, ಕೂಡುವುದು ಕಳೆಯುವುದು ಬಿಟ್ಟರೆ ಇದರಲ್ಲಿ ಬೇರೇನೂ ಇಲ್ಲ.

ನಮ್ಮದು ಉಡಿಗಾಲ. ಒಂದು ಕಡೆ ಚಾಮರಾಜನಗರ, ಇನ್ನೊಂದು ಕಡೆ ತೆರಕಣಾಂಬಿ, ಗುಂಡ್ಲುಪೇಟೆ. ಅಬ್ಬಾ ಟೈಲರ್. ಶಾಲಾ ಸಮವಸ್ತ್ರ ಹೊಲಿದು ಸುತ್ತಲಿನ ಊರುಗಳಿಗೆ ಕೊಡುತ್ತಾರೆ. ದಾದಿಯನ್ನು ತಿಂಗಳಿಗೆ ಎರಡು ಸಲ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ದಾದಿಗೂ ಅಮ್ಮಿಗೂ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಹಣದ ಲೆಕ್ಕದಲ್ಲಿ ಇದನ್ನು ಯಾವ ಕಾರೂ ಸೋಲಿಸಲಾರದು. ಆದರೆ ಬಸ್ಸಿನ ಮೆಟ್ಟಿಲು ದಾದಿಯ ಮಂಡಿಗೆ ಆಗುವುದಿಲ್ಲ. ಹಾಗಾಗಿ ಬಾಡಿಗೆ ಕಾರು. ಒಂದು ಸಲಕ್ಕೆ 2,800 ರೂಪಾಯಿ.

ಮೊದಲು ಹೊಸ ಕಾರನ್ನು ನೋಡೋಣ. ತೆರಿಗೆಯ ಕಣ್ಣಿನಲ್ಲಿ ಸಣ್ಣ ಕಾರು ಎಂದರೆ ಉದ್ದ 4 ಮೀಟರ್ ಮೀರದ, ಪೆಟ್ರೋಲ್ ಆದರೆ ಎಂಜಿನ್ 1,200 ಸಿಸಿ ಮೀರದ ಕಾರು. 2025ರ ಸೆಪ್ಟೆಂಬರ್ 22ರವರೆಗೆ ಇದಕ್ಕೆ ನೂರಕ್ಕೆ 28 ಜಿಎಸ್‌ಟಿ, ಮೇಲೆ 1 ಸೆಸ್ ಇತ್ತು. ಅಂದಿನಿಂದ 18 ಮಾತ್ರ. ತೆರಿಗೆಗೆ ಮುಂಚೆ 4,00,000 ಬೆಲೆಯ ಕಾರು ಮೊದಲು 5,16,000 ಆಗುತ್ತಿತ್ತು, ಈಗ 4,72,000. ಉಳಿತಾಯ 44,000. ಪತ್ರಿಕೆಗಳಲ್ಲಿ ಬಂದದ್ದು ಇಷ್ಟೇ. ಕಾರು ಷೋರೂಂ ಬಾಗಿಲು ದಾಟುವಾಗ ಇನ್ನೂ ಇದೆ. ಕರ್ನಾಟಕದಲ್ಲಿ ಐದು ಲಕ್ಷದೊಳಗಿನ ಕಾರಿಗೆ ಜೀವಿತಾವಧಿ ತೆರಿಗೆ ನೂರಕ್ಕೆ 13, ಐದರಿಂದ ಹತ್ತು ಲಕ್ಷದವರೆಗೆ 14. ಆ ತೆರಿಗೆಯ ಮೇಲೆ ಮತ್ತೆ ನೂರಕ್ಕೆ 11 ಸೆಸ್. ನಮ್ಮ ಉದಾಹರಣೆಗೆ 61,360 ಮತ್ತು 6,750, ಒಟ್ಟು 68,110. ಮೊದಲ ವಿಮೆ 25,000 ಎಂದು ಹಿಡಿದರೆ ಕಾರು ಮನೆಗೆ ಬರುವಾಗ ಸುಮಾರು 5,65,000.

ವಿಮೆಯಲ್ಲಿ ಒಂದು ಸೂಕ್ಷ್ಮ ಇದೆ. ಮೂರನೇ ವ್ಯಕ್ತಿ ವಿಮೆ ಕಡ್ಡಾಯ, ಹೊಸ ಕಾರಿಗೆ ಮೂರು ವರ್ಷದ್ದನ್ನು ಒಟ್ಟಿಗೇ ಕಟ್ಟಬೇಕು. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 1,000 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,000 ದಾಟಿದರೆ 3,416. ಆಲ್ಟೊ ಕೆ10ಕ್ಕೆ 998 ಸಿಸಿ, ಕ್ವಿಡ್‌ಗೆ 999. ಗೆರೆಯ ಈಚೆಗೇ ನಿಲ್ಲಿಸಿದ್ದಾರೆ!

ಈಗ ಸವಕಳಿ. ವಿಮೆಯವರ ಹತ್ತಿರ ಇದಕ್ಕೊಂದು ಪಟ್ಟಿಯೇ ಇದೆ. ಕಾರಿಗೆ ಒಂದು ವರ್ಷ ತುಂಬುವುದರೊಳಗೆ ಬೆಲೆಯಲ್ಲಿ ನೂರಕ್ಕೆ 15 ಕಳೆಯುತ್ತಾರೆ, ಎರಡನೇ ವರ್ಷ 20, ಮೂರನೇ ವರ್ಷ 30, ನಾಲ್ಕಕ್ಕೆ 40, ಐದಕ್ಕೆ 50. ನಾವು ಕಲಿಯುವ ಇಳಿಕೆ ಶಿಲ್ಕಿನ ಪದ್ಧತಿಯಲ್ಲಿ ನೂರಕ್ಕೆ 15ರಂತೆ ಹಾಕಿದರೆ ಐದು ವರ್ಷಕ್ಕೆ 4,72,000ದ ಕಾರು ಸುಮಾರು 2,09,400ಕ್ಕೆ ಇಳಿಯುತ್ತದೆ. ವಿಮೆಯ ಪಟ್ಟಿಯಲ್ಲಿ 2,36,000. ಎರಡೂ ಹತ್ತಿರ ಹತ್ತಿರ. ದೊಡ್ಡದನ್ನೇ ಹಿಡಿಯೋಣ. 5,65,000 ಕೊಟ್ಟು ತಂದು ಐದು ವರ್ಷ ಬಿಟ್ಟು 2,36,000ಕ್ಕೆ ಮಾರಿದರೆ ಹೋಗುವುದು 3,29,000, ಅಂದರೆ ವರ್ಷಕ್ಕೆ 65,800. ಕಾರು ಶೆಡ್ಡಿನಲ್ಲಿ ನಿಂತಿದ್ದರೂ ಈ ಹಣ ಹೋಗುತ್ತಲೇ ಇರುತ್ತದೆ.

ನಮ್ಮ ಓಡಾಟ ತಿಂಗಳಿಗೆ 500 ಕಿ.ಮೀ., ವರ್ಷಕ್ಕೆ 6,000. ಆಲ್ಟೊ ಕೆ10ಕ್ಕೆ ಕಂಪನಿ ಹೇಳುವ ಮೈಲೇಜ್ 24.39. ಅದು ಪರೀಕ್ಷಾ ಕೊಠಡಿಯ ಅಂಕಿ, ರಸ್ತೆ ಹಂಪುಗಳು ಅಲ್ಲಿರುವುದಿಲ್ಲ. 20 ಎಂದು ಹಿಡಿದೆ. ಪೆಟ್ರೋಲ್ ಲೀಟರಿಗೆ 103 ಎಂದರೆ 300 ಲೀಟರಿಗೆ 30,900. ಮುಂದಿನ ವಿಮೆ, ಸರ್ವಿಸ್ ಸೇರಿ ವರ್ಷಕ್ಕೆ 14,000. ಎಲ್ಲ ಕೂಡಿ 1,10,700. ಕಿಲೋಮೀಟರಿಗೆ 18 ರೂಪಾಯಿ 45 ಪೈಸೆ.

ಇಲ್ಲಿ ಸ್ವಲ್ಪ ನಿಲ್ಲಿ. ಯಾರನ್ನು ಕೇಳಿದರೂ 'ಕಿಲೋಮೀಟರಿಗೆ ಐದು ರೂಪಾಯಿ ಬೀಳುತ್ತೆ' ಎನ್ನುತ್ತಾರೆ. ಅದು ಪೆಟ್ರೋಲ್ ಮಾತ್ರ, ಬದಲಾಗುವ ವೆಚ್ಚ. ಉಳಿದ 13 ರೂಪಾಯಿ 30 ಪೈಸೆ ಸ್ಥಿರ ವೆಚ್ಚ. ಓಡಾಟ ಎರಡರಷ್ಟು ಮಾಡಿದರೆ ಅದು 6 ರೂಪಾಯಿ 65 ಪೈಸೆಗೆ ಇಳಿಯುತ್ತದೆ. ಹಾಗೆಂದು ಸರಾಸರಿ ಇಳಿಸುವುದಕ್ಕೋಸ್ಕರ ಯಾರೂ ಸುಮ್ಮನೆ ಬಂಡೀಪುರಕ್ಕೆ ಹೋಗಿಬರುವುದಿಲ್ಲ. (ನಮ್ಮ ಚಿಕ್ಕಪ್ಪನ ಮಗ ಹೋಗಬಹುದು.)

ಹಳೆಯ ಕಾರು ಹೇಗೆ? ಐದು ವರ್ಷದ ಕಾರನ್ನು 2,60,000ಕ್ಕೆ ತಂದು ಐದು ವರ್ಷ ಓಡಿಸಿ 1,20,000ಕ್ಕೆ ಮಾರಿದರೆ ವರ್ಷಕ್ಕೆ ಹೋಗುವುದು 28,000. ವಿಮೆ, ಸರ್ವಿಸ್, ರಿಪೇರಿಗೆ ಧಾರಾಳವಾಗಿ 24,000 ಇಟ್ಟೆ. ಮೈಲೇಜ್ 18 ಎಂದರೆ ಪೆಟ್ರೋಲ್ 34,300. ಒಟ್ಟು 86,300.

ಇನ್ನು ಕಾರೇ ಇಲ್ಲದಿದ್ದರೆ? ಮೈಸೂರಿನ ಬಾಡಿಗೆ ವರ್ಷಕ್ಕೆ 24 ಸಲ, 67,200. ಇದನ್ನು ನೋಡಿ ಅಬ್ಬಾ, 'ಹಾಗಾದರೆ ಕಾರು ಬೇಡ, ಮುಗೀತಲ್ಲ' ಎಂದರು. ಆದರೆ ಸಮವಸ್ತ್ರದ ಗಂಟು ಸಾಗಿಸಲು ತಿಂಗಳಿಗೆ ನಾಲ್ಕು ಸಲ ಆಟೊ, ಸಲಕ್ಕೆ 600. ಅದನ್ನು ಅವರು ಅಂಗಡಿಯ ಖರ್ಚಿನಲ್ಲಿ ಬರೆಯುತ್ತಾರೆ, ಮನೆಯ ಖರ್ಚಿನಲ್ಲಿ ಅಲ್ಲ. ಪುಸ್ತಕ ಎರಡು, ಜೇಬು ಒಂದೇ. ವರ್ಷಕ್ಕೆ 28,800 ಸೇರಿಸಿದರೆ 96,000 ಆಯಿತು. ಹೊಸ ಕಾರು ಇದಕ್ಕಿಂತ ದುಬಾರಿ, ಹಳೆಯದು 9,700 ಅಗ್ಗ. ರಾತ್ರಿ ಎರಡು ಗಂಟೆಗೆ ದಾದಿಗೆ ಉಸಿರು ಕಟ್ಟಿದರೆ ಕಾರು ಬಾಗಿಲಲ್ಲಿರುತ್ತದೆ ಎಂಬುದಕ್ಕೆ ನಾನು ಬೆಲೆ ಹಾಕಲಿಲ್ಲ.

ಸಾಲದ ಕಂತಿನ ಕಾಲಂ ಇಲ್ಲಿ ಇಲ್ಲ. ಬಡ್ಡಿಯ ಸಾಲ ಬೇಡ ಎಂಬುದು ನಮ್ಮ ಮನೆಯಲ್ಲಿ ಮೊದಲೇ ಆದ ತೀರ್ಮಾನ. ಹಾಗೆಂದು ನಗದು ಪುಕ್ಕಟೆ ಅಲ್ಲ. ಅರ್ಥಶಾಸ್ತ್ರದಲ್ಲಿ ಓದುವ ಅವಕಾಶ ವೆಚ್ಚ ಇದೇ. ಆ 2,60,000 ಅಬ್ಬಾ ಶಾಲೆ ತೆರೆಯುವ ಮುಂಚೆ ಬಟ್ಟೆ ತರುವ ಬಂಡವಾಳ. ಮಾರ್ಚಿಯಲ್ಲಿ ಕಾರು ತಂದರೆ ಜೂನ್‌ನಲ್ಲಿ ಹೊಲಿಯಲು ಬಟ್ಟೆ ಇರುವುದಿಲ್ಲ. ಆದ್ದರಿಂದ ಸಮವಸ್ತ್ರದ ಹಣ ವಸೂಲಾದ ಮೇಲೆ, ಆಗಸ್ಟ್ ಹೊತ್ತಿಗೆ ಖರೀದಿ.

ಯಾವ ಕಾರು ಎಂಬುದು ಇನ್ನೂ ಜಗಳದಲ್ಲಿದೆ. ವ್ಯಾಗನ್ ಆರ್ ಎತ್ತರ 1,675 ಮಿ.ಮೀ., ಆಲ್ಟೊ ಕೆ10ರದ್ದು 1,520. ಮಂಡಿ ನೋವಿನವರಿಗೆ ಈ ಒಂದೂವರೆ ಗೇಣಿನಷ್ಟೂ ಇಲ್ಲದ ವ್ಯತ್ಯಾಸ ದೊಡ್ಡದು: ಸೀಟು ಎತ್ತರವಿದ್ದರೆ ಕೂರುವಾಗ ಇಳಿಯಬೇಕಿಲ್ಲ, ಏಳುವಾಗ ಹತ್ತಬೇಕಿಲ್ಲ. ಹಿಂದಿನ ಡಿಕ್ಕಿಯೂ ದೊಡ್ಡದು, 341 ಲೀಟರ್, ಆಲ್ಟೊದಲ್ಲಿ 214. ಗಂಟುಗಳಿಗೆ ಅನುಕೂಲ. ಆದರೆ 2023ರ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ವ್ಯಾಗನ್ ಆರ್‌ಗೆ ಸಿಕ್ಕಿದ್ದು ಒಂದೇ ನಕ್ಷತ್ರ, ಆಲ್ಟೊ ಕೆ10ಕ್ಕೆ ಎರಡು. 2020ರಲ್ಲೇ ಟಿಯಾಗೊ ನಾಲ್ಕು ಪಡೆದಿತ್ತು. ನನ್ನ ಮತ ಟಿಯಾಗೊಗೆ, ಅಮ್ಮಿಯದು ವ್ಯಾಗನ್ ಆರ್‌ಗೆ. ಯಾವುದಾದರೂ 2019ರ ಜುಲೈ ನಂತರ ತಯಾರಾದದ್ದೇ ಇರಲಿ ಎಂಬುದಕ್ಕೆ ಎಲ್ಲರೂ ಒಪ್ಪಿದ್ದಾರೆ. ಆಗಿನಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯ.

ನಮ್ಮ ಗಡಿ ಜಿಲ್ಲೆಯವರಿಗೆ ಇನ್ನೊಂದು ಮಾತು. ತಮಿಳುನಾಡು, ಕೇರಳ ನೋಂದಣಿಯ ಕಾರುಗಳು ಇಲ್ಲಿ ಮೂವತ್ತು ನಲವತ್ತು ಸಾವಿರ ಕಡಿಮೆಗೆ ಬರುತ್ತವೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಇಲ್ಲಿಯ ನೋಂದಣಿ ಮಾಡಿಸಬೇಕು. ಅದಕ್ಕೆ ಆ ರಾಜ್ಯದ ನಿರಾಕ್ಷೇಪಣಾ ಪತ್ರ ಬೇಕು, ಕಾರಿನ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಜೀವಿತಾವಧಿ ತೆರಿಗೆಯನ್ನೂ ಕಟ್ಟಬೇಕು. ಉಳಿದ ನಲವತ್ತು ಸಾವಿರ ಅಲ್ಲಿಗೇ ಹೋಗುತ್ತದೆ. ಕೆಎ 10 ಆದರೆ ನಮೂನೆ 29, 30ಕ್ಕೆ ಸಹಿ, ಹಳೆಯ ಸಾಲವಿದ್ದರೆ ಬ್ಯಾಂಕಿನ ನಮೂನೆ 35, ಅಷ್ಟೇ. ಸಾಲದ ನಮೂದು ಆರ್‌ಸಿಯಲ್ಲೇ ಇರುತ್ತದೆ. ಹಣ ಕೊಡುವ ಮುಂಚೆ ಓದಿ.

ನಮ್ಮೂರಿನ ಮೆಕ್ಯಾನಿಕ್ ಅಣ್ಣನನ್ನು ಕೇಳಿದೆ. 'ಪಾಲಿಶ್ ನೋಡ್ಬೇಡ ಕಣಪ್ಪ, ಬಾಗಿಲ ಬೋಲ್ಟ್ ನೋಡು. ಸ್ಪ್ಯಾನರ್ ಗಾಯ ಇದ್ರೆ ಗುದ್ದಿರೋ ಗಾಡಿ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ್ಲೇ ಸ್ಟಾರ್ಟ್ ಮಾಡ್ಸು' ಎಂದ. ಆಗಸ್ಟ್‌ನಲ್ಲಿ ಅವನನ್ನೂ ದಾದಿಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇವೆ. ಅವನು ಬಾನೆಟ್ ಎತ್ತಿ ನೋಡಲಿ, ದಾದಿ ಮೂರು ಸಲ ಹತ್ತಿ ಇಳಿಯಲಿ. ಆಮೇಲೆ ಬೆಲೆಯ ಮಾತು.