ಕಾಲ್ಚೆಂಡಾಟದ ರೀತಿಗಳು: ತಡವಾಗಿ ಕಲಿತ ಒಂದು ಪಾಠ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಹಳೆಯ ವಿದ್ಯಾರ್ಥಿಗಳು ನನ್ನಿಂದ ವ್ಯಾಕರಣವನ್ನೇ ನಿರೀಕ್ಷಿಸಿರಬಹುದು. ಆದರೆ ನನ್ನ ಮೇಲೆ ಉಳಿದಿರುವ ಒಂದು ಋಣ ಆಟದ ಮೈದಾನಕ್ಕೆ ಸೇರಿದ್ದು.

ಉತ್ತೂರ ಸೀಮೆಯವರಿಗೆ ಕಾಲ್ಚೆಂಡಾಟ ಹೊಸದಲ್ಲ. ಗಡಹಿಂಗ್ಲಜದವರಿಗೆ ಅದರ ಹುಚ್ಚು ಹಳೆಯದು. ಕೊಲ್ಲಾಪುರದಲ್ಲಿ ಕುಸ್ತಿಯ ತಾಲೀಮುಗಳ ಹೆಸರಿನಲ್ಲೇ ತಂಡಗಳಿವೆ. ಪಾಟಾಕಡೀಲ, ಖಂಡೋಬಾ ತಾಲೀಮುಗಳು ಎದುರಾದರೆ ಶಾಹೂ ಮೈದಾನ ಕಿಕ್ಕಿರಿಯುತ್ತದೆ.

1982ರ ವಿಶ್ವಕಪ್ಪಿನಲ್ಲಿ ಬ್ರೆಜಿಲ್ ತಂಡ ಇಟಲಿಗೆ 2-3 ಗೋಲುಗಳಿಂದ ಸೋತಿತು. ಸಮಬಲ ಸಾಧಿಸಿದ್ದರೂ ಬ್ರೆಜಿಲ್ ಮುಂದಿನ ಸುತ್ತಿಗೆ ಹೋಗುತ್ತಿತ್ತು. ಆದರೂ ಅದು ದಾಳಿಯನ್ನು ಬಿಡಲಿಲ್ಲ; ಇಟಲಿಯ ಪಾವೊಲೊ ರೊಸ್ಸಿ ಮೂರು ಗೋಲು ಹೊಡೆದನು. ತರಗತಿಯಲ್ಲಿ ಒಬ್ಬ ಹುಡುಗ ಎದ್ದು ಕೇಳಿದ: "ಸರ, ಚಂದಾಗಿ ಆಡಿ ಸೋಲೂದು ಚಲೋನೋ, ಹೆಂಗಾರ ಮಾಡಿ ಗೆಲ್ಲೂದು ಚಲೋನೋ?" ನಾನು ಕ್ಷಣವೂ ಯೋಚಿಸದೆ, "ಚಂದಾಗಿ ಆಡೂದ ಚಲೋ" ಎಂದೆ.

ಆ ವರ್ಷದ ಶಾಲಾ ತಂಡವನ್ನೂ ಅದೇ ಅಭಿಪ್ರಾಯದಿಂದ ಆರಿಸಿದೆ. ಚೆಂಡನ್ನು ಕಾಲಲ್ಲಿ ಕುಣಿಸುವವರಿಗೆಲ್ಲ ಸ್ಥಾನ ದೊರೆಯಿತು. ಬಂದ ಚೆಂಡನ್ನು ದೂರಕ್ಕೆ ಒದೆಯುವುದಷ್ಟೇ ಬಲ್ಲ ಒಬ್ಬ ಬ್ಯಾಕ್ ಆಟಗಾರನನ್ನು "ಇದೇನು ಆಟವೋ?" ಎಂದು ಎಲ್ಲರೆದುರು ಹಂಗಿಸಿ ಕೈಬಿಟ್ಟೆ. ಪಂದ್ಯದ ದಿನ ಮಳೆ. ಕೆಸರಿನಲ್ಲಿ ನಮ್ಮ ಸಣ್ಣ ಸಣ್ಣ ಪಾಸುಗಳು ಅರ್ಧದಲ್ಲೇ ನಿಂತವು, ನಾವು ಸೋತೆವು. ಆ ಹುಡುಗ ಗೆರೆಯಾಚೆ ನಿಂತು ಆಟಗಾರರಿಗೆ ನೀರು ಕೊಡುತ್ತಿದ್ದ.

ಬಳಿಕ ಈ ಆಟದ ಇತಿಹಾಸವನ್ನು ಓದತೊಡಗಿದೆ. ಆಟದ ರೀತಿಯೆಂದರೆ ಅಲಂಕಾರವಲ್ಲ, ಜಾಗದ ಲೆಕ್ಕಾಚಾರ ಎಂಬುದು ಆಗ ತಿಳಿಯಿತು. 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲವಾಗಿ ದಾಳಿಗಾರರಿಗೆ ಅನುಕೂಲವಾಯಿತು. ಆಗ ಆರ್ಸೆನಲ್ಲಿನ ಹರ್ಬರ್ಟ್ ಚಾಪ್‌ಮನ್ ನಡುವಿನ ಆಟಗಾರನೊಬ್ಬನನ್ನು ಹಿಂದಕ್ಕೆ ಕರೆದು ಇಬ್ಬರು ಬ್ಯಾಕುಗಳ ಮಧ್ಯೆ ನಿಲ್ಲಿಸಿದನು. 1953ರಲ್ಲಿ ವೆಂಬ್ಲಿಯಲ್ಲಿ ಹಂಗೇರಿಯ ಹಿಡೆಕುಟಿ, ಮುಂದೆ ನಿಲ್ಲಬೇಕಾದವನು ಹಿಂದೆ ಸರಿದು ಆಡಿದನು. ಅವನನ್ನು ಹಿಂಬಾಲಿಸಿದರೆ ಗೋಲಿನ ಮುಂದೆ ಜಾಗ ತೆರವಾಗುತ್ತದೆ, ಬಿಟ್ಟರೆ ಅವನೇ ಹೊಡೆಯುತ್ತಾನೆ. ಇಂಗ್ಲೆಂಡ್ 3-6ರಿಂದ ಸೋತಿತು. 1974ರಲ್ಲಿ ಎಲ್ಲರೂ ಎಲ್ಲ ಸ್ಥಾನಗಳಲ್ಲಿ ಆಡುವ ಹಾಲೆಂಡಿನ ರೀತಿಗೆ ಜಗತ್ತು ಮರುಳಾಯಿತು. ಆದರೂ ಅಂತಿಮ ಪಂದ್ಯ ಗೆದ್ದದ್ದು ಪಶ್ಚಿಮ ಜರ್ಮನಿ.

ನನ್ನ ಉತ್ತರವನ್ನು ತಿದ್ದಿದ ಉದಾಹರಣೆ 2010ರದು. ಸಣ್ಣ ಪಾಸುಗಳ ಚೆಲುವಿಗೆ ಹೆಸರಾದ ಸ್ಪೇನ್ 7 ಪಂದ್ಯಗಳಲ್ಲಿ ಹೊಡೆದದ್ದು 8 ಗೋಲು ಮಾತ್ರ, ಬಿಟ್ಟುಕೊಟ್ಟದ್ದು 2. ಕಡೆಯ ನಾಲ್ಕು ಪಂದ್ಯಗಳನ್ನೂ 1-0ರಿಂದ ಗೆದ್ದು ಕಪ್ಪನ್ನು ಪಡೆಯಿತು. ಚೆಂಡು ತಮ್ಮಲ್ಲಿರುವಷ್ಟು ಹೊತ್ತು ಎದುರಾಳಿಗೆ ಗೋಲು ಹೊಡೆಯಲು ಬಾರದು. ಅಂದರೆ ಅವರ ಚೆಲುವೇ ಅವರ ರಕ್ಷಣೆಯೂ ಆಗಿತ್ತು. ಚೆಲುವು ಒಂದೆಡೆ, ಗೆಲುವು ಇನ್ನೊಂದೆಡೆ ಎಂದು ನಾನು ಮಾಡಿದ ವಿಂಗಡಣೆಯೇ ತಪ್ಪು. ನೆಲ, ಎದುರಾಳಿ, ಕೈಯಲ್ಲಿರುವ ಆಟಗಾರರು ಈ ಮೂರನ್ನೂ ಅರಿತು ಆಡುವುದೇ ಒಳ್ಳೆಯ ರೀತಿ. ಕೆಸರಿನಲ್ಲಿ ದೂರಕ್ಕೆ ಒದೆಯುವುದೂ ಒಂದು ವಿದ್ಯೆ.

ತರಗತಿಯಲ್ಲಿಯೂ ನಾನು ಚುರುಕಾಗಿ ಉತ್ತರಿಸುವವರನ್ನೇ ಮೆಚ್ಚಿದೆ. ಮೌನವಾಗಿ ತಮ್ಮ ಕೆಲಸ ಮಾಡಿ ಕುಳಿತವರನ್ನು ಸಾಕಷ್ಟು ಗಮನಿಸಲಿಲ್ಲ. ಅಂದಿನ ಆ ಬ್ಯಾಕ್ ಆಟಗಾರ ಈ ಸಂಚಿಕೆಯನ್ನು ಓದುತ್ತಿದ್ದರೆ ಅವನಿಗೆ ನನ್ನದೊಂದು ಮಾತು: ತಮ್ಮಾ, ಆ ದಿನದ ತಪ್ಪು ನಿನ್ನದಲ್ಲ, ನಿನ್ನ ಮಾಸ್ತರನದು. ಮಹೋತ್ಸವಕ್ಕೆ ತಪ್ಪದೆ ಬಾ.

ನಮ್ಮ ಶಾಲೆ ಎಲ್ಲ ಬಗೆಯ ಮಕ್ಕಳಿಗೂ ತಂಡದಲ್ಲಿ ಸ್ಥಾನ ಕೊಡುತ್ತ ಶತಮಾನೋತ್ಸವವನ್ನು ಕಾಣಲಿ ಎಂದು ಹಾರೈಸುತ್ತೇನೆ.