ಧಾರೆ ಹೊತ್ತಲ್ಲಿ ‘ಇನ್ನೊಂದ್ಸಲ’ ಬೇಡ

ಮೂಡಿಗೆರೆ, ಕಳಸ ಕಡೆಯ ಹುಡುಗರ ಹತ್ತಿರ ಈಗ ಒಳ್ಳೊಳ್ಳೆಯ ಕ್ಯಾಮೆರಾಗಳಿವೆ, ಮದುವೆ ವಿಡಿಯೊಗಳೂ ಚೆನ್ನಾಗಿ ಬರುತ್ತಿವೆ. ಆದರೂ ಅದೇ ಮನೆಯ ಮುಂದಿನ ಮದುವೆಗೆ ಬೇರೆಯವರಿಗೆ ಫೋನ್ ಹೋಗುತ್ತದೆ. ಕೆಡುವುದು ನಡವಳಿಕೆಯಲ್ಲಿ.

ಮೊದಲ ಮಾತುಕತೆಯನ್ನು ವಾಟ್ಸ್‌ಆ್ಯಪ್‌ನಲ್ಲೇ ಮುಗಿಸಬೇಡಿ, ಮನೆಗೆ ಹೋಗಿ. ಅರೇಬಿಕಾ ಕೊಯ್ಲಿನ ದಿನಗಳಲ್ಲಿ, ಅಂದರೆ ನವೆಂಬರ್‌ನಿಂದ ಜನವರಿವರೆಗೆ, ತೋಟದವರಿಗೆ ಹಗಲು ಪುರುಸೊತ್ತಿರುವುದಿಲ್ಲ. ಕಣದ ಕೆಲಸ ಮುಗಿಯುವ ಹೊತ್ತು ಕೇಳಿಕೊಂಡು ಹೊರಡಿ. ಕೊಟ್ಟ ಕಾಫಿ ಕುಡಿಯಿರಿ. ನಿಮ್ಮ ಲ್ಯಾಪ್‌ಟಾಪ್ ತೆರೆಯುವ ಮೊದಲು ಅವರ ಹಳೆಯ ಆಲ್ಬಮ್ ಕೇಳಿ. ಪುಟ ತಿರುವುತ್ತಾ ಯಾರು ಯಾರೆಂದು ಅವರೇ ಹೇಳುತ್ತಾರೆ, ಬರೆದುಕೊಳ್ಳಿ. ನೆಂಟರ ಗುರುತಿರುವ ಒಬ್ಬರನ್ನು ಮದುವೆ ದಿನ ಜೊತೆಗೆ ಕೊಡಲು ಹೇಳಿ. ರೇಟು, ಅಡ್ವಾನ್ಸ್, ವಿಡಿಯೊ ಕೊಡುವ ದಿನ, ಊಟಕ್ಕೆ ನಿಮ್ಮವರೆಷ್ಟು ಜನ, ಎಲ್ಲವೂ ಒಂದು ಹಾಳೆಯಲ್ಲಿರಲಿ.

ಡ್ರೋನ್ ಬಗ್ಗೆ ಹಾರಿಕೆಯ ಮಾತು ಬೇಡ. 2021ರ ನಿಯಮದ ಪ್ರಕಾರ 250 ಗ್ರಾಂ ಮೀರಿದ ಡ್ರೋನನ್ನು ದುಡ್ಡಿನ ಕೆಲಸಕ್ಕೆ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಕುದುರೆಮುಖ ಉದ್ಯಾನ, ಭದ್ರಾ ಅಭಯಾರಣ್ಯದ ಕಡೆಯಾದರೆ ಅರಣ್ಯ ಇಲಾಖೆಯನ್ನೂ ಕೇಳಬೇಕು. ಆಗದಿದ್ದರೆ ಆಗದೆಂದು ಮೊದಲ ದಿನವೇ ಹೇಳಿಬಿಡಿ.

ಇನ್ನು ಧಾರೆ. ಘಟ್ಟ ಹತ್ತಿ ಬಂದ ನೆಂಟರು ಮುಂದಿನ ಸಾಲಲ್ಲಿ ಕೂತು ನೋಡುವುದೇನು? ಕ್ಯಾಮೆರಾದವರ ಬೆನ್ನು! ಅದರ ಮೇಲೆ ‘ಇನ್ನೊಂದ್ಸಲ ನೀರು ಬಿಡಿ’ ಎಂಬ ಅಪ್ಪಣೆ ಬೇರೆ. ಮಗಳನ್ನು ಧಾರೆ ಎರೆದುಕೊಡುವ ತಂದೆಗೆ ಹಾಗೆ ಹೇಳುವುದು ಅನ್ಯಾಯ. ಹಿಂದಿನ ಸಂಜೆಯೇ ಪುರೋಹಿತರನ್ನು ಕಂಡು, ಯಾರು ಯಾವ ಕಡೆ ಕೂರುತ್ತಾರೆ, ನಿಲ್ಲುತ್ತಾರೆ ಎಂದು ಕೇಳಿಕೊಳ್ಳಿ. ಒಂದು ಕ್ಯಾಮೆರಾ ಮಂಟಪದ ಪಕ್ಕ ಟ್ರೈಪಾಡ್ ಮೇಲೆ, ಇನ್ನೊಂದು ಹಾಲ್‌ನ ಹಿಂದೆ ಜೂಮ್ ಲೆನ್ಸ್‌ನೊಂದಿಗೆ. ಪುರೋಹಿತರು ಒಪ್ಪಿದರೆ ಅವರ ಶಲ್ಯಕ್ಕೊಂದು ಚಿಕ್ಕ ಮೈಕ್ ಸಿಕ್ಕಿಸಿ, ಮಂತ್ರ ಸ್ಪಷ್ಟವಾಗಿ ಬರುತ್ತದೆ. ಆಮೇಲೆ ಮುಹೂರ್ತ ಮುಗಿಯುವವರೆಗೆ ಅಲುಗಾಡಬೇಡಿ. ಗಿಂಬಲ್ ಹಿಡಿದು ಮಂಟಪ ಸುತ್ತುವುದು ನನಗಂತೂ ಬರಿಯ ಶೋಕಿಯಾಗಿ ಕಾಣುತ್ತದೆ. ಶಾಟ್ ತಪ್ಪಿತೇ? ತಪ್ಪಿತು, ಬಿಟ್ಟುಬಿಡಿ. ಪೋಸ್ ಕೊಡಿಸುವುದೆಲ್ಲ ಊಟದ ನಂತರ.

ಅಡ್ಡ ನಿಂತ ಅಜ್ಜಿಗೆ ‘ಆಂಟಿ, ಸೈಡಿಗೆ ಬನ್ನಿ’ ಎನ್ನಬೇಡಿ. ‘ಅಜ್ಜಿ, ಇಲ್ಲಿ ಕೂತ್ಕೊಳ್ಳಿ, ನಿಮ್ಮನ್ನೂ ಹಿಡೀತೀನಿ’ ಅಂದರೆ ಅವರೇ ಜಾಗ ಬಿಡುತ್ತಾರೆ. ನೀವೂ ಪಂಕ್ತಿಯಲ್ಲಿ ಕೂತೇ ಊಟ ಮಾಡಿ.

ಶ್ರಾವಣದ ಮದುವೆಯಾದರೆ ಹಿಂದಿನ ರಾತ್ರಿಯೇ ಅಲ್ಲಿರಿ. ಭದ್ರೆ ಏರಿದರೆ ಕಳಸ–ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಮುಳುಗುತ್ತದೆ. ಕರೆಂಟನ್ನೂ ನಂಬಬೇಡಿ, ಬ್ಯಾಟರಿ ಹೆಚ್ಚಿಗೆ ಇರಲಿ.

ನೆಟ್‌ವರ್ಕ್ ಸಿಗದ ಮನೆಗೆ ವಿಡಿಯೊದ ಲಿಂಕ್ ಕಳಿಸಿ ಏನು ಪ್ರಯೋಜನ? ಪೆನ್‌ಡ್ರೈವ್ ಕೊಡಿ, ನಿಮ್ಮಲ್ಲೊಂದು ಕಾಪಿ ಇಟ್ಟುಕೊಳ್ಳಿ. ತಡವಾಗುವುದಾದರೆ ಅವರು ಕೇಳುವ ಮೊದಲೇ ಫೋನ್ ಮಾಡಿ. ರೀಲ್ಸ್‌ಗೆ ಹಾಕುವ ಮುನ್ನ ಒಪ್ಪಿಗೆ ಪಡೆಯಿರಿ, ಅಪ್ಪನದಷ್ಟೇ ಅಲ್ಲ, ಮದುಮಗಳದ್ದೂ.