ಗಾಡಿಯ ಬೆಲೆಯಲ್ಲ, ಗಂಟೆಯ ಬೆಲೆ

ರಿಮೋಟಿನಿಂದ ಓಡಿಸುವ ಆರ್‌ಸಿ ಕಾರ್ ರೇಸಿಗೆ ಇಳಿಯಬೇಕೆನ್ನುವವರು ಮೊದಲು ಕೇಳುವುದು, ‘ನೈಟ್ರೋ ತಗೊಳ್ಳೋದಾ, ಎಲೆಕ್ಟ್ರಿಕ್ಕಾ?’ ವಾರಕ್ಕೆ ಎಷ್ಟು ಹೊತ್ತು ಓಡಿಸುತ್ತೀರಿ ಎಂದು ನಾನು ತಿರುಗಿ ಕೇಳುತ್ತೇನೆ. ದುಡ್ಡಿನ ಲೆಕ್ಕ ಶುರುವಾಗುವುದು ಅಲ್ಲಿಂದ.

ನನ್ನ ಮೊದಲ ಗಾಡಿ 1/8 ಅಳತೆಯ ಸೆಕೆಂಡ್ ಹ್ಯಾಂಡ್ ನೈಟ್ರೋ ಬಗ್ಗಿ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡೆ. ಅದರ ಟ್ಯಾಂಕು ಹಿಡಿಯುವುದು 125 ಸಿಸಿ. ರೇಸಿನ ವೇಗದಲ್ಲಿ ಸುಮಾರು ಎಂಟು ನಿಮಿಷಕ್ಕೆ ಖಾಲಿ. ಒಂದು ಲೀಟರಿಗೆ ಹೆಚ್ಚುಕಡಿಮೆ ಒಂದು ಗಂಟೆಯ ಓಟ. ಬಂಕಿನ ಪೆಟ್ರೋಲು ಇದಕ್ಕೆ ಆಗದು. ಮೆಥನಾಲ್, ನೈಟ್ರೋಮೀಥೇನ್, ಎಣ್ಣೆ ಬೆರೆಸಿದ ಇಂಧನವೇ ಬೇಕು, ಅದರ ಬೆಲೆ ಪೆಟ್ರೋಲಿನ ಹಲವು ಪಟ್ಟು. ಮೆಥನಾಲ್ ಗಾಳಿಯ ತೇವ ಹೀರುತ್ತದೆ. ಮುಚ್ಚಳ ಸಡಿಲವಿದ್ದ ಅರ್ಧ ಡಬ್ಬಿ ಒಂದು ಮಳೆಗಾಲದಲ್ಲಿ ಹಾಗೇ ಕೆಟ್ಟುಹೋಯಿತು.

ದೊಡ್ಡ ಪೆಟ್ಟು ಬಿದ್ದದ್ದು ಎಂಜಿನ್ನಿನಿಂದ. ಇಂಧನದ ಹರಿವನ್ನು ಹೊಂದಿಸುವ ನೀಡಲ್ಲನ್ನು ಮಧ್ಯಾಹ್ನದ ಬಿಸಿಲಲ್ಲಿ ಇಟ್ಟಂತೆಯೇ ಬಿಟ್ಟು, ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಓಡಿಸಿದೆ. ತಣ್ಣನೆಯ ಗಾಳಿ ದಟ್ಟ. ಅದಕ್ಕೆ ತಕ್ಕಷ್ಟು ಇಂಧನ ಹೋಗಲಿಲ್ಲ. ಎಂಜಿನ್ನಿಗೆ ಬೇಕಾದ ಎಣ್ಣೆಯೂ ಇಂಧನದೊಳಗೇ ಇರುವುದರಿಂದ ಅದೂ ಕಡಿಮೆಯಾಯಿತು. ಪಿಸ್ಟನ್, ಸ್ಲೀವ್ ಎರಡೂ ಹಾಳು. ಆ ಜೋಡಿ ಬದಲಿಸುವ ಖರ್ಚು ಹೊಸ ಎಂಜಿನ್ನಿನ ಹತ್ತಿರಕ್ಕೇ ಬಂತು. ಅಗ್ಗದ ಗಾಡಿ ಅಲ್ಲಿಗೆ ತುಟ್ಟಿಯಾಯಿತು.

ಎಲೆಕ್ಟ್ರಿಕ್ ಗಾಡಿ ಮೊದಲ ದಿನವೇ ಜೇಬು ಖಾಲಿ ಮಾಡುತ್ತದೆ. ಆದರೆ ಆಮೇಲಿನ ಖರ್ಚು ಕಡಿಮೆ: ಅದರ ಬ್ರಷ್‌ಲೆಸ್ ಮೋಟರಿನಲ್ಲಿ ಸವೆಯುವುದು ಬಹುತೇಕ ಬೇರಿಂಗ್ ಮಾತ್ರ. 14.8 ವೋಲ್ಟಿನ, 5000 ಎಂಎಎಚ್ ಲಿಪೊ ಬ್ಯಾಟರಿಯನ್ನು ಒಂದು ಯೂನಿಟ್ ಕರೆಂಟಿನಲ್ಲಿ ಹತ್ತು ಸಲವಾದರೂ ತುಂಬಬಹುದು. ಹಾಗಾಗಿ ಕರೆಂಟಿನ ಖರ್ಚು ಲೆಕ್ಕಕ್ಕೇ ಇಲ್ಲ, ಖರ್ಚೆಲ್ಲ ಬ್ಯಾಟರಿಯದು. ಅದರ ಬೆಲೆಯನ್ನು ಅದು ಬಾಳುವಷ್ಟು ಸಲದ ಚಾರ್ಜಿಗೆ ಭಾಗಿಸಿ ನೋಡಿ. ಪೂರ್ತಿ ತುಂಬಿಸಿ ವಾರಗಟ್ಟಲೆ ಬಿಟ್ಟ ನನ್ನದೊಂದು ಬ್ಯಾಟರಿ ಊದಿಕೊಂಡು ಎಸೆಯಬೇಕಾಯಿತು. ಈಗ ಓಡಿಸದ ದಿನಗಳಲ್ಲಿ ಪ್ರತಿ ಸೆಲ್ಲನ್ನೂ 3.8 ವೋಲ್ಟಿನಲ್ಲೇ ಇಡುತ್ತೇನೆ.

ಅರ್ಧ ಗಂಟೆ, ಮುಕ್ಕಾಲು ಗಂಟೆಯ ಫೈನಲ್, ನಡುವೆ ಪಿಟ್ಟಿಗೆ ಬಂದು ಟ್ಯಾಂಕು ತುಂಬಿಸಿ ಮತ್ತೆ ನುಗ್ಗುವುದು: ಆ ಸುಖ ನೈಟ್ರೋದಲ್ಲೇ ಇದೆ. ಅದಕ್ಕೆ ತಿಂಗಳ ಹಣ ತೆಗೆದಿಡಬಲ್ಲವರು ಧೈರ್ಯವಾಗಿ ಕೊಳ್ಳಲಿ. ಭಾನುವಾರ ಮಾತ್ರ ಬಿಡುವಿರುವವರಿಗೆ ನಾನು ಹೇಳುವುದು ಎಲೆಕ್ಟ್ರಿಕ್.

ಮಗಳಿಗೆ ಗಾಡಿ ಕೊಡಿಸುವಾಗ ಎರಡು ಬ್ಯಾಟರಿಗೆ, ಒಂದು ಒಳ್ಳೆಯ ಬ್ಯಾಲೆನ್ಸ್ ಚಾರ್ಜರಿಗೆ ಮೊದಲು ಹಣ ಎತ್ತಿಟ್ಟೆವು. ಉಳಿದದ್ದರಲ್ಲಿ ಗಾಡಿ ಹುಡುಕಿದೆವು.